ಹೊನ್ನೆಮರಡಿಗೆ ಶಾಲೆ ಮಕ್ಕಳನ್ನು ಕರೆದೊಯ್ಯುವವರು ಮೊದಲ ದಿನದ ಬಗ್ಗೆ ಓದಿಕೊಳ್ಳಿ

ಎಂಟನೇ ತರಗತಿಯ 44 ಮಕ್ಕಳು, ನಾವು ನಾಲ್ಕು ಜನ ಟೀಚರ್‌ಗಳು, ಸಾಗರದ ಹತ್ತಿರ ಶರಾವತಿ ಹಿನ್ನೀರಿನ ದಡದಲ್ಲಿರುವ ಹೊನ್ನೆಮರಡಿನಲ್ಲಿ ಮೂರು ದಿನದ ಸಾಹಸ ಶಿಬಿರ. ಹೋಗಿದ್ದು ಡಿಸೆಂಬರ್ ಮೊದಲ ವಾರ. ಶಿಬಿರ ತುಂಬಾ ಚೆನ್ನಾಗಿತ್ತು, ಅದರ ಬಗ್ಗೆ ಬೇರೆಯವರು ಬರೆದಿದ್ದಾರೆ. ನನಗೆ ಹೇಳಬೇಕಿರುವುದು ಮೊದಲ ದಿನದ್ದು. ಮಕ್ಕಳು ಎರಡು ತಿಂಗಳಿಂದ ಕಾದಿದ್ದ ಆ ದಿನವನ್ನು ಬಸ್ಸು ನುಂಗಿಹಾಕಿತು.

ಬಸ್ಸಿನವರು ಫೋಟೋ ಕಳಿಸಿದ್ದು ಪುಶ್‌ಬ್ಯಾಕ್ ಸೀಟಿನ ಗಾಡಿಯದ್ದು. ರಾತ್ರಿ ಹತ್ತಕ್ಕೆ ಬೆಂಗಳೂರಿನ ನಮ್ಮ ಶಾಲೆಯ ಗೇಟಿಗೆ ಬಂದಿದ್ದು ಒಂದು ಕಡೆ ಮೂರು ಜನ, ಇನ್ನೊಂದು ಕಡೆ ಎರಡು ಜನ ಒತ್ತಿಕೊಂಡು ಕೂರುವ, ಒಂಚೂರೂ ಹಿಂದಕ್ಕೆ ಬಾಗದ ಸೀಟಿನ ಹಳೇ ಬಸ್ಸು. "ಆ ಗಾಡಿ ರಿಪೇರಿಗೆ ಹೋಗಿದೆ ಮೇಡಂ, ಇದೂ ಚೆನ್ನಾಗೇ ಇದೆ" ಅಂದರು. ಪೋಷಕರು ಬಂದು ನಿಂತಿದ್ದಾರೆ, ಮಕ್ಕಳು ಬ್ಯಾಗು ಹೊತ್ತು ಕುಣಿಯುತ್ತಿದ್ದಾರೆ, ಮುಂಗಡ ಕೊಟ್ಟಾಗಿದೆ. ಆ ಹೊತ್ತಿನಲ್ಲಿ ಬೇಡ ಅನ್ನುವುದಕ್ಕೆ ಆಗುತ್ತಾ? ಆಗಲ್ಲ ಅಂತ ಅವರಿಗೂ ಗೊತ್ತು.

ಸಾಗರಕ್ಕೆ ಸುಮಾರು 360 ಕಿಲೋಮೀಟರ್. ರಾತ್ರಿಯಿಡೀ ಓಡಬೇಕಾದ ಗಾಡಿಗೆ ಒಬ್ಬರೇ ಡ್ರೈವರ್. ಅರಸೀಕೆರೆ ಹತ್ತಿರ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಎರಡೂವರೆ ಗಂಟೆ ಮಲಗಿದರು. ಹಿಂದಿನ ರಾತ್ರಿಯೂ ಗಾಡಿ ಓಡಿಸಿ ಬಂದಿದ್ದರಂತೆ. ಅವರ ಮೇಲೆ ನನಗೆ ಕೋಪವಿಲ್ಲ, ನಿಲ್ಲಿಸಿದ್ದೇ ಒಳ್ಳೆಯದಾಯಿತು. ಆದರೆ ಕಳಿಸಿದವರ ಮೇಲೆ ಇದೆ. ಶಿವಮೊಗ್ಗ ದಾಟುವಷ್ಟರಲ್ಲಿ ಆರು ಮಕ್ಕಳು ವಾಂತಿ ಮಾಡಿದ್ದರು. ಬೆಳಿಗ್ಗೆ ಏಳಕ್ಕೆ ಮುಟ್ಟಬೇಕಾದವರು ತಾಳಗುಪ್ಪ ತಲುಪಿದ್ದು ಹತ್ತೂವರೆಗೆ. ಅಲ್ಲಿ ಬಸ್ಸಿನವರ ಫೋನ್ ಬಂತು, ಶಿಬಿರದ ಒಳರಸ್ತೆಗೆ ಹೋಗಲು ಇನ್ನೂ 6,000 ರೂಪಾಯಿ ಬೇಕಂತೆ. ಚೌಕಾಸಿ ಮಾಡಿ 4,000 ಕೊಟ್ಟೆವು, ರಶೀದಿ ಇಲ್ಲ. ಅಷ್ಟು ತೆಗೆದುಕೊಂಡೂ ಬಸ್ಸು ಕೊನೇ ತಿರುವಿನಲ್ಲಿ ತಿರುಗದೆ, ಎರಡು ಕಿಲೋಮೀಟರ್ ಬ್ಯಾಗು ಹೊತ್ತು ನಡೆದೆವು.

ಆ ಬೆಳಿಗ್ಗೆ ನಮ್ಮನ್ನು ಉಳಿಸಿದ್ದು ತಾಳಗುಪ್ಪದ ಒಂದು ಸಣ್ಣ ಹೋಟೆಲ್. ಬೋರ್ಡ್ ಇಲ್ಲ, ಒಳಗೆ ನಾಲ್ಕೇ ಬೆಂಚು. ಗಂಡ ಕಾವಲಿ ಮುಂದೆ, ಹೆಂಡತಿ ಬಡಿಸುವುದಕ್ಕೆ. ಬಾಡಿದ ಮುಖದ ಮಕ್ಕಳನ್ನು ನೋಡಿ ಆ ಅಮ್ಮ ಮೊದಲು ತಂದಿದ್ದು ಬಿಸಿ ಬಿಸಿ ಕಷಾಯ, ವಾಂತಿ ಮಾಡಿದವರಿಗೆ ಶುಂಠಿ ಜಾಸ್ತಿ ಹಾಕಿ. ಆಮೇಲೆ ನೀರು ದೋಸೆ. ಬಟ್ಟೆಯಷ್ಟು ತೆಳ್ಳಗೆ, ಜೊತೆಗೆ ಕಾಯಿ ಚಟ್ನಿ, ಕೇಳಿದವರಿಗೆ ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ನೀರು ಬೆಲ್ಲ. ಅದು ಏನು ಅಂತ ಗೊತ್ತಿಲ್ಲದ ಬೆಂಗಳೂರಿನ ಮಕ್ಕಳು ಬೆರಳು ನೆಕ್ಕಿ ನೆಕ್ಕಿ ತಿಂದರು. ಇಪ್ಪತ್ತು ಮಕ್ಕಳಾಗುವಷ್ಟರಲ್ಲಿ ಹಿಟ್ಟು ಖಾಲಿ. ಉಳಿದವರಿಗೆ ನಿಂತ ನಿಲುವಿನಲ್ಲೇ ಒಗ್ಗರಣೆ ಅವಲಕ್ಕಿ ಮಾಡಿಕೊಟ್ಟರು, ಒಬ್ಬರ ಮುಖದಲ್ಲೂ ಬೇಸರವಿಲ್ಲ. 48 ಜನಕ್ಕೆ ಆದ ಬಿಲ್ಲು 2,100 ರೂಪಾಯಿ. ನಾಲ್ಕೇ ಬೆಂಚು, ಅರ್ಧ ಜನ ನಿಂತೇ ತಿನ್ನಬೇಕು ಅಂತ ಕೆಲವರಿಗೆ ಸರಿಹೋಗದಿರಬಹುದು. ನಾನಂತೂ ಇನ್ನು ಆ ದಾರಿಯಲ್ಲಿ ಬೇರೆಲ್ಲೂ ತಿಂಡಿಗೆ ನಿಲ್ಲಿಸಲ್ಲ.

ಶಿಬಿರ ಮುಟ್ಟಿದಾಗ ಮಧ್ಯಾಹ್ನ. ಪಟ್ಟಿಯಲ್ಲಿದ್ದಿದ್ದು ಹರಿಗೋಲು, ಕಯಾಕ್. ಅಲ್ಲಿನ ಮುಖ್ಯಸ್ಥರು ಮಕ್ಕಳನ್ನು ಒಮ್ಮೆ ನೋಡಿ, "ನಿದ್ದೆಗೆಟ್ಟ ಮಕ್ಕಳನ್ನ ನಾನು ನೀರಿಗೆ ಇಳಿಸಲ್ಲ ಟೀಚರ್" ಅಂದುಬಿಟ್ಟರು. ಮಕ್ಕಳು ಅತ್ತರು. ನನಗೆ ಮಾತ್ರ ಆ ಮನುಷ್ಯನ ಮೇಲೆ ಅವತ್ತೇ ನಂಬಿಕೆ ಬಂತು. ಇದು ಕೆರೆಯಲ್ಲ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರು, ಗದ್ದೆ, ಕಾಡು. ಮರದ ಬುಡಗಳು ಇನ್ನೂ ನೀರೊಳಗಿವೆ. ದಡದಲ್ಲಿ ಮೊಣಕಾಲುದ್ದ ಇದ್ದದ್ದು ಎರಡು ಹೆಜ್ಜೆ ಮುಂದೆ ತಲೆ ಮುಳುಗುವಷ್ಟಾಗಬಹುದು. ಈಜು ಬರುತ್ತದೆ ಅನ್ನುವ ಮಕ್ಕಳಿಗೂ ಲೈಫ್ ಜಾಕೆಟ್ ಬೇಕೇ ಬೇಕು. ಹಣ ಕೊಟ್ಟಿದ್ದೀವಿ, ಇಳಿಸಿ ಅಂತ ಯಾರೂ ಅಲ್ಲಿ ಜಗಳ ಮಾಡಬೇಡಿ.

ಟೆಂಟ್ ಹೊಡೆಯುವುದು ಕಲಿಸಿ, ಎಂಟಕ್ಕೇ ಊಟ ಹಾಕಿ ಮಲಗಿಸಿದರು. ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ, ಸ್ವೆಟರ್ ಜೊತೆಗೆ ಕಿವಿ ಮುಚ್ಚುವ ಟೋಪಿಯೂ ಇರಲಿ. ನಮ್ಮ ಯಾರ ಫೋನಿಗೂ ಸರಿಯಾಗಿ ಸಿಗ್ನಲ್ ಸಿಗಲಿಲ್ಲ, ಇದನ್ನು ಪೋಷಕರಿಗೆ ಮೊದಲೇ ಹೇಳಿಬಿಡಿ.

ಇನ್ನೊಂದು ಸಲ ಹೋದರೆ ನಾನು ರೈಲು. ಮೈಸೂರು–ತಾಳಗುಪ್ಪ ರೈಲು ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ತಾಳಗುಪ್ಪ ಮುಟ್ಟುತ್ತದೆ. ಅದೇ ಕೊನೇ ಸ್ಟೇಷನ್, ಆದ್ದರಿಂದ ಇಳಿಸುವ ಗಡಿಬಿಡಿಯೂ ಇಲ್ಲ. ಮಕ್ಕಳು ಕಾಲು ಚಾಚಿ ಮಲಗುತ್ತಾರೆ. ಬಸ್ಸೇ ಬೇಕು ಅನ್ನುವವರು ಕೆಎಸ್‌ಆರ್‌ಟಿಸಿಯಲ್ಲಿ ಸಾಂದರ್ಭಿಕ ಒಪ್ಪಂದದ ಬಸ್ಸು ಕೇಳಿ ನೋಡಿ. ಖಾಸಗಿಯವರಾದರೆ ಗಾಡಿಯ ನಂಬರ್, ಇಬ್ಬರು ಡ್ರೈವರ್, ಒಳರಸ್ತೆಯ ಬಾಡಿಗೆ ಎಲ್ಲ ಬರೆಸಿಕೊಳ್ಳಿ, ಗಾಡಿಯನ್ನು ಕಣ್ಣಾರೆ ನೋಡಿ ಆಮೇಲೆ ಮುಂಗಡ ಕೊಡಿ. ರೈಲಿಳಿದ ಮೇಲೆ ಶಿಬಿರದವರೆಗೆ ಸಣ್ಣ ಗಾಡಿಗಳಿಗೆ ಶಿಬಿರದವರ ಹತ್ತಿರವೇ ಹೇಳಿಸಿ. ಹಾಗೇ ತಿಂಡಿಗೆ ಇಷ್ಟು ಜನ ಬರುತ್ತೇವೆ ಅಂತ ಆ ಹೋಟೆಲಿಗೂ ಹಿಂದಿನ ದಿನವೇ ಹೇಳಿ ಕಳಿಸಿ, ಅಷ್ಟು ದೋಸೆಗೆ ಅವರು ಅಕ್ಕಿ ನೆನೆಹಾಕಬೇಕಲ್ವಾ.