ಎರಡು ದಿನಕ್ಕೊಮ್ಮೆ ಬಂದ ಸುಳ್ಳು ಅಲೆ

ಬಹು ಎತ್ತರದ ಗಾಳಿಯಲ್ಲಿ ಎರಡು ದಿನಕ್ಕೊಮ್ಮೆ ಏರಿಳಿಯುವ ಅಲೆಯೊಂದು ಸಿಕ್ಕಿತೆಂದು ಆ ಸಂಜೆ ಇಬ್ಬರಿಗೆ ಫೋನ್ ಮಾಡಿ ಕೊಚ್ಚಿಕೊಂಡಿದ್ದೆ. ಅಕ್ಕ, "ಅಲೆ ಸಿಕ್ಕಿತಾ? ಅಲ್ಲಿ ಸಮುದ್ರ ಎಲ್ಲಿದೆ?" ಎಂದು ನಕ್ಕಳು. ನನ್ನ ಮಾರ್ಗದರ್ಶಕಿ ಮೇಡಂ ಮಾತ್ರ ಕೊಂಚ ಹೊತ್ತು ಸುಮ್ಮನಿದ್ದು, "ಸರಿಯಾಗಿ 48 ಗಂಟೆಯಾ?" ಎಂದು ಕೇಳಿದರು. ನಾನು ಹೆಮ್ಮೆಯಿಂದ ಹೌದು ಎಂದೆ.

ಉಲ್ಕಾ ರೇಡಾರೊಂದು ಅಳೆದ ಏಪ್ರಿಲ್ ತಿಂಗಳ ಗಾಳಿಯ ಲೆಕ್ಕ ನನ್ನ ಕೈಯಲ್ಲಿತ್ತು. ನೆಲದಿಂದ 80ರಿಂದ 100 ಕಿ.ಮೀ. ಎತ್ತರದ ಗಾಳಿ ಅದು. ಅಲ್ಲಿಗೆ ಬಲೂನು ಏರದು, ಉಪಗ್ರಹ ಅಷ್ಟು ಕೆಳಗೆ ಸುತ್ತಲಾರದು, ರಾಕೆಟ್ ಹಾದುಹೋದರೂ ಕೆಲವೇ ನಿಮಿಷ. ಹಾಗಾಗಿ ಮರಳಿನ ಕಾಳಿನಷ್ಟು ಸಣ್ಣ ಉಲ್ಕೆಗಳನ್ನೇ ನಂಬಬೇಕು. ಅವು ಉರಿದು ಬಿಟ್ಟುಹೋಗುವ ವಿದ್ಯುದಾವಿಷ್ಟ ಗೆರೆ ಗಾಳಿಯೊಂದಿಗೆ ತೇಲುತ್ತದೆ. ರೇಡಿಯೊ ಅಲೆ ಅದಕ್ಕೆ ತಾಗಿ ಮರಳುವಾಗ ಅದರ ಆವರ್ತನ ತುಸು ಬದಲಾಗಿರುತ್ತದೆ. ಗಾಳಿಯ ವೇಗ ಸಿಗುವುದು ಅದರಿಂದ. ಒಂದೊಂದು ಗೆರೆಯ ಆಯಸ್ಸು ಸಾಮಾನ್ಯವಾಗಿ ಒಂದು ಸೆಕೆಂಡೂ ಇಲ್ಲ.

ಇಂಥ ಚೂರುಗಳನ್ನು ವಾರಗಟ್ಟಲೆ ಜೋಡಿಸಿದರೆ ಇಡೀ ಭೂಮಿಯನ್ನೇ ಸುತ್ತುವರಿದ ಅಲೆಗಳು ಕಾಣುತ್ತವೆ. ಎರಡು ದಿನದ ಅಲೆ ಅವುಗಳಲ್ಲಿ ಹೆಸರುವಾಸಿ: ಸಾಮಾನ್ಯವಾಗಿ ಭೂಮಿಯ ಸುತ್ತ ಮೂರು ಉಬ್ಬು, ಮೂರು ತಗ್ಗು, ಪಶ್ಚಿಮಕ್ಕೆ ಪಯಣ. ಎಷ್ಟು ಹೊತ್ತಿಗೊಮ್ಮೆ ಬರುವ ಅಲೆ ಎಷ್ಟು ಜೋರು ಎಂದು ತೋರಿಸುವ ನನ್ನ ಗ್ರಾಫಿನಲ್ಲಿ 48 ಗಂಟೆಯ ಜಾಗದಲ್ಲಿ ಗೋಪುರದಂತೆ ಎದ್ದ ಶಿಖರವನ್ನು ಕಂಡು ಬೇರೇನೂ ಯೋಚಿಸಲಿಲ್ಲ.

ಯೋಚಿಸಬೇಕಿತ್ತು. ಈ ಅಲೆ ಸಾಮಾನ್ಯವಾಗಿ ಜೋರಾಗುವುದು ಜನವರಿ, ಫೆಬ್ರುವರಿಯಲ್ಲಿ; ನನ್ನದು ಏಪ್ರಿಲ್. ಅದು ಹೆಚ್ಚಾಗಿ ಉತ್ತರ-ದಕ್ಷಿಣ ಗಾಳಿಯಲ್ಲಿ ಎದ್ದು ಕಾಣುತ್ತದೆ. ನನ್ನದು ಕಂಡದ್ದು ಪೂರ್ವ-ಪಶ್ಚಿಮ ಗಾಳಿಯಲ್ಲಿ. ಮೇಲೆ ಹೋದಂತೆ ಉಬ್ಬು ಬರುವ ಹೊತ್ತು ಸರಿಯಬೇಕು. ನನ್ನ ಅಲೆಯಲ್ಲಿ 82 ಕಿ.ಮೀ.ಯಲ್ಲೂ 96 ಕಿ.ಮೀ.ಯಲ್ಲೂ ಒಂದೇ ಹೊತ್ತು, ಸೇನೆಯ ಕವಾಯತಿನಂತೆ.

ಮರುದಿನ ಮೇಡಂ ಕಡತವನ್ನು ತೆರೆಸಿ, "ಈ ಸೊನ್ನೆಗಳು ಯಾವುವು?" ಎಂದರು. ದಿನ ಬಿಟ್ಟು ದಿನ ಮಧ್ಯಾಹ್ನ 2ರಿಂದ 6ರವರೆಗೆ ಸಾಲಾಗಿ ಸೊನ್ನೆ. ಕೇಂದ್ರದ ದಾಖಲೆ ಪುಸ್ತಕ ನೋಡಿದರೆ ಆ ತಿಂಗಳು ಕೇಬಲ್ ದುರಸ್ತಿಗಾಗಿ ಆ ಹೊತ್ತಿನಲ್ಲಿ ರೇಡಾರ್ ನಿಲ್ಲಿಸಿದ್ದರು. ಅಳತೆಯಿಲ್ಲದ ಗಂಟೆಗಳಿಗೆ ನನ್ನ ಪ್ರೋಗ್ರಾಂ ಸೊನ್ನೆ ತುಂಬಿತ್ತು. ಬರೆದವಳು ನಾನೇ. ಸೊನ್ನೆ ಎಂದರೆ ಗಾಳಿ ನಿಂತಿದೆ ಎಂದು ಅರ್ಥ. ಖಾಲಿ ಎಂದರೆ ಗೊತ್ತಿಲ್ಲ ಎಂದು. ಒಂದೇ ಸಮನೆ ಬೀಸುತ್ತಿದ್ದ ಗಾಳಿಯನ್ನು ನಾನು ದಿನ ಬಿಟ್ಟು ದಿನ ನಾಲ್ಕು ಗಂಟೆ ನಿಲ್ಲಿಸಿದ್ದೆ. ಅಲೆಯನ್ನು ಎಬ್ಬಿಸಿದ್ದು ಕೇಬಲ್ ದುರಸ್ತಿಯವರು ಮತ್ತು ನಾನು, ಅರ್ಧರ್ಧ.

ಬೈಗುಳಕ್ಕೆ ಸಿದ್ಧಳಾಗಿದ್ದೆ. ಮೇಡಂ, "ಸಂಜೆಯದನ್ನೂ ನೋಡು" ಎಂದಷ್ಟೇ ಹೇಳಿದರು. ಮಳೆಯಲ್ಲಿ ಬೈಕ್ ಓಡಿಸಿದವನ ಎದೆ ನೆನೆದು ಬೆನ್ನು ಒಣಗಿರುತ್ತದಲ್ಲ, ಹಾಗೆ ಭೂಮಿ ತನ್ನ ದಾರಿಯಲ್ಲಿ ಮುನ್ನುಗ್ಗುವಾಗ ಬೆಳಗಿನ ಜಾವದ ಮಗ್ಗುಲಿಗೆ ಉಲ್ಕೆಗಳು ಹೆಚ್ಚು ಬಡಿಯುತ್ತವೆ, ಸಂಜೆಯ ಮಗ್ಗುಲಿಗೆ ಕಡಿಮೆ. ಸಂಜೆ ಆರರ ಹೊತ್ತಿಗೆ ಕೆಲವು ಎತ್ತರಗಳಲ್ಲಿ ಗಂಟೆಗೆ ಎರಡೋ ಮೂರೋ ಉಲ್ಕೆ, ಗಾಳಿಯ ಲೆಕ್ಕಕ್ಕೆ ಸಾಲದು. ಅಲ್ಲೂ ನನ್ನ ಸೊನ್ನೆಗಳು ಕೂತಿದ್ದವು.

ಎಲ್ಲವನ್ನೂ ಖಾಲಿ ಮಾಡಿ, ಬಿಟ್ಟ ಗಂಟೆಗಳಿದ್ದರೂ ನಡೆಯುವ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಿದೆ. ಗೋಪುರ ಕುಸಿಯಿತು. ಅದರ ಬಲಕ್ಕೆ, ಆರೂವರೆ ದಿನದ ಹತ್ತಿರ, ಮೊದಲು ಕಣ್ಣಿಗೇ ಬೀಳದ ಒಂದು ದಿಬ್ಬ ಉಳಿಯಿತು. ಏಪ್ರಿಲ್‌ನಲ್ಲಿ ಬರುವ ಅಲೆ ಅದು, ಪೂರ್ವ-ಪಶ್ಚಿಮ ಗಾಳಿಯಲ್ಲೇ ಇತ್ತು, ಎತ್ತರಕ್ಕೆ ಹೋದಂತೆ ಹೊತ್ತೂ ಸರಿಯುತ್ತಿತ್ತು. ಆದರೆ ಒಂದು ತಿಂಗಳಲ್ಲಿ ಅದು ಸುತ್ತುವುದು ನಾಲ್ಕು ಸಲ, ಬಹಳವಾದರೆ ಐದು; ನಂಬಲು ಅಷ್ಟು ಸಾಲದು.

ಮೇಡಂ ಮೇ ತಿಂಗಳ ಕಡತ ತರಿಸಲು ಹೇಳಿದರು. ಅಕ್ಕನಿಗೆ ಈ ಸಲ ಫೋನ್ ಮಾಡಲಿಲ್ಲ.