ಏಪ್ರಿಲ್ ಬಿಸಿಲಲ್ಲಿ ಕೊಕ್ಕರೆ ಬೆಳ್ಳೂರು

ಹಕ್ಕಿಗಳು ಗೂಡು ಕಟ್ಟುವ ಊರಾದ ಕೊಕ್ಕರೆ ಬೆಳ್ಳೂರಿಗೆ ನಾನು ಮೊದಲ ಸಲ ಹೋಗಿದ್ದು ಆಗಸ್ಟ್‌ನಲ್ಲಿ. ಮರಗಳೆಲ್ಲ ಖಾಲಿ. ಈ ಸಲ ಏಪ್ರಿಲ್ ಮೊದಲ ವಾರ ಹೋದೆವು, ಮನಸ್ಸು ತುಂಬಿತು. ಬಿಸಿಲಿಗೆ ಹೆದರಿ ಪ್ರವಾಸ ಮುಂದೂಡಬೇಡಿ. ಇಲ್ಲಿ ಗೂಡಿನ ಕಾಲವೇ ಬೇಸಿಗೆ. ಜೂನ್ ಹೊತ್ತಿಗೆ ಮರಿಗಳು ರೆಕ್ಕೆ ಬಲಿತು ಹೊರಟುಬಿಡುತ್ತವೆ.

ಊರು ಮದ್ದೂರು ತಾಲ್ಲೂಕಿನಲ್ಲಿದೆ, ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಚನ್ನಪಟ್ಟಣ ದಾಟಿದ ಮೇಲೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಎಕ್ಸ್‌ಪ್ರೆಸ್‌ವೇ ಮೇಲೆಯೇ ಹೋದರೆ ಈ ತಿರುವು ತಪ್ಪುತ್ತದೆ, ಮೊದಲೇ ಸರ್ವಿಸ್ ರಸ್ತೆಗೆ ಇಳಿದುಬಿಡಿ. ನಾವು ನಾಲ್ಕಕ್ಕೆ ಮನೆ ಬಿಟ್ಟು ಆರಕ್ಕೆಲ್ಲ ಊರಲ್ಲಿದ್ದೆವು.

ಇಲ್ಲಿ ಹಕ್ಕಿಗಳಿರುವುದು ಮನೆಗಳ ನಡುವಿನ ಮರಗಳಲ್ಲೇ. ಕೆಳಗೆ ಕಟ್ಟಿದ ಎಮ್ಮೆ, ಅಂಗಳ ಗುಡಿಸುವ ಅಮ್ಮ. ಮೇಲೆ ಹುಣಸೆಮರದ ತುಂಬ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ. ದೊಡ್ಡ ಹೆಜ್ಜಾರ್ಲೆಗಳು ಹೆಚ್ಚು ಸದ್ದು ಮಾಡುವುದಿಲ್ಲ. ಗಲಾಟೆಯೆಲ್ಲ ಮರಿಗಳದ್ದು. ತಾಯಿ ಬಂದು ಕೂತರೆ ಸಾಕು, ಮರಿ ಅದರ ಗಂಟಲಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುತ್ತದೆ. ಬಿಸಿಲೇರಿದ ಮೇಲೆ ಬಣ್ಣದ ಕೊಕ್ಕರೆಗಳು ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಕೊಡುತ್ತಿದ್ದವು. ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತೆವೋ ಗೊತ್ತಾಗಲಿಲ್ಲ. ಒಂಬತ್ತರ ನಂತರ ಮೇಲೂ ಒಮ್ಮೆ ನೋಡಿ. ಗಾಳಿ ಕಾದಾಗ ಹೆಜ್ಜಾರ್ಲೆಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಏರುತ್ತವೆ.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರಿಂದ ಈ ಊರು ಹೊರಗಿನವರಿಗೆ ಪರಿಚಯವಾಯಿತು. ಊರಿನವರಿಗೆ ಮಾತ್ರ ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು. ಹಕ್ಕಿ ಕೂತ ಮರದ ಹುಣಸೆಹಣ್ಣಿನ ಆಸೆ ಬಿಟ್ಟವರು ಇವರು. ಅದೇನು ಸಣ್ಣ ಮಾತಾ? ಅವರ ಅಂಗಳಕ್ಕೆ ಕಾಲಿಡುವ ಮುಂಚೆ "ಅಕ್ಕ, ಒಳಗೆ ಬರಬಹುದಾ?" ಅಂತ ಕೇಳಿ. ನಮಗೆ ಒಬ್ಬರು ಮಜ್ಜಿಗೆಯನ್ನೇ ಕೊಟ್ಟರು.

ಫೋಟೊಗೆಂದು ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಬೇಡಿ. ನಮ್ಮ ಮುಂದೆಯೇ ಒಬ್ಬರು ಹಾಗೆ ಮಾಡಿದರು. ತಾಯಿ ಎದ್ದರೆ ಮರಿ ಬಿಸಿಲಿಗೆ ಬೀಳುತ್ತದೆ, ಅಷ್ಟೂ ಯೋಚಿಸಬಾರದಾ? ಗೂಡಿನಿಂದ ಬಿದ್ದ ಮರಿ ಕಂಡರೆ ನೀವೇ ಎತ್ತಬೇಡಿ, ಊರಿನವರಿಗೆ ಹೇಳಿ. ಇಂಥ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಇಲ್ಲಿನ ಹೆಜ್ಜಾರ್ಲೆ ಬಳಗ ಎಂಬ ತಂಡ ಮಾಡಿಕೊಂಡು ಬಂದಿದೆ.

ದೊಡ್ಡ ಲೆನ್ಸ್ ಬೇಕಿಲ್ಲ, ಹಕ್ಕಿಗಳು ಹತ್ತಿರದಲ್ಲೇ ಇರುತ್ತವೆ. 8x42 ದುರ್ಬೀನು ಸಾಕು. ಟೋಪಿ ಮಾತ್ರ ಮರೆಯಬೇಡಿ, ಬಿಸಿಲಿಗೂ ಹಿಕ್ಕೆಗೂ. ಕುಡಿಯುವ ನೀರು ಜಾಸ್ತಿಯೇ ಇರಲಿ.

ಹತ್ತಕ್ಕೆಲ್ಲ ಹೊರಟು ಮದ್ದೂರಲ್ಲಿ ವಡೆ ತಿಂದೆವು. ಮಧ್ಯಾಹ್ನ ನೆರಳಲ್ಲಿ ಕಳೆದು ಮೂರೂವರೆಗೆ ರಂಗನತಿಟ್ಟು ಪಕ್ಷಿಧಾಮ ಸೇರಿದೆವು. ಒಂದೇ ದಿನಕ್ಕೆ ಎರಡೂ ಆಗುತ್ತದೆ, ಆದರೆ ಬೆಳಗ್ಗೆ ಬೆಳ್ಳೂರಿಗೇ ಇರಲಿ. ರಂಗನತಿಟ್ಟಿನಲ್ಲಿ ದೋಣಿ ಹತ್ತಿದ ಮೇಲೆ ಮರಗಳನ್ನಷ್ಟೇ ನೋಡಬೇಡಿ, ಬೋಳು ಬಂಡೆಗಳನ್ನೂ ನೋಡಿ. ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಮೊಟ್ಟೆ ಇಡುವುದು ಅಲ್ಲಿ. ಹಳದಿ ಕೊಕ್ಕು, ಕಪ್ಪು ಟೋಪಿ. ನಮಗೆ ದೋಣಿಯಿಂದ ಆರು ಕಂಡವು. ಪಕ್ಕದ ಬಂಡೆಯ ಮೇಲೆಯೇ ಮೊಸಳೆ ಬಾಯಿ ತೆರೆದು ಮಲಗಿತ್ತು.