ಸ್ವಾಲ್ಬಾರ್ಡ್‌ಗೆ ಹೊರಡುವ ಮುಂಚೆ

ಸ್ವಾಲ್ಬಾರ್ಡ್‌ಗೆ ವೀಸಾ ಬೇಡವಂತೆ ಎಂದು ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. 1920ರ ಒಪ್ಪಂದದಂತೆ ಈ ದ್ವೀಪಗಳು ನಾರ್ವೆಯವು, ವೀಸಾ ಇಲ್ಲದೆ ಯಾರು ಬೇಕಾದರೂ ಇರಬಹುದು, ಸರಿ. ತೊಡಕಿರುವುದು ದಾರಿಯಲ್ಲಿ. ವಿಮಾನ ಹತ್ತುವುದು ನಾರ್ವೆಯ ಓಸ್ಲೋದಲ್ಲೋ ಟ್ರೊಮ್ಸೊದಲ್ಲೋ. ಅವು ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ; ಸ್ವಾಲ್ಬಾರ್ಡ್ ಹೊರಗೆ. ವಾಪಸ್ ಬರುವಾಗ ಮತ್ತೆ ಒಳಗೆ ಬಿಡಬೇಕಲ್ಲ, ಅದಕ್ಕೆ ಡಬಲ್ ಎಂಟ್ರಿ ವೀಸಾ ಬೇಕು. ನಾನು ಸಿಂಗಲ್ ಎಂದು ತುಂಬಿ, ಕೌಂಟರಿನ ಮುಂದೆ ಬೆವರುತ್ತಾ ಫಾರ್ಮ್ ತಿದ್ದಿದೆ.

ಇಳಿಯುವ ಊರು ಲಾಂಗ್‌ಇಯರ್‌ಬೀನ್, 78 ಡಿಗ್ರಿ ಉತ್ತರದಲ್ಲಿ. ಜನ ಸುಮಾರು 2,500. ನೆಲದಡಿ ಸದಾ ಹೆಪ್ಪುಗಟ್ಟಿದ ಮಣ್ಣು, ಹಾಗಾಗಿ ಮನೆಗಳೆಲ್ಲ ಕಂಬಗಳ ಮೇಲೆ. ಮರಗಳಿಲ್ಲ ಅಂದುಕೊಂಡಿದ್ದೆ. ಗೈಡ್ ನನ್ನ ಬೂಟಿನ ಪಕ್ಕ ಬೆರಳು ತೋರಿಸಿದಳು: ದೊಡ್ಡಪತ್ರೆ ಎಲೆಗಿಂತ ಎಷ್ಟೋ ಚಿಕ್ಕ ಎಲೆಗಳು, ನೆಲಕ್ಕೆ ಅಂಟಿಕೊಂಡು ಹಬ್ಬಿದ ವಿಲೋ. ಅದೇ ಇಲ್ಲಿನ ಮರ!

ಹೋಟೆಲ್ ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಮ್ಯೂಸಿಯಂನಲ್ಲೂ. ಗಣಿ ಕಾಲದಲ್ಲಿ ಕಲ್ಲಿದ್ದಲ ಧೂಳು ಒಳಗೆ ಬರದಿರಲೆಂದು ಶುರುವಾದದ್ದಂತೆ. ನಮಗೆ ಹೊಸತಲ್ಲ, ಆದರೆ ತೂತಿಲ್ಲದ ಸಾಕ್ಸ್ ಒಯ್ಯಿರಿ.

ಊರು ಮುಗಿಯುವಲ್ಲಿ ಹಿಮಕರಡಿಯ ಚಿತ್ರವಿರುವ ಎಚ್ಚರಿಕೆಯ ಬೋರ್ಡು. ಕೆಳಗೆ ನಾರ್ವೇಜಿಯನ್‌ನಲ್ಲಿ ‘ಇಡೀ ಸ್ವಾಲ್ಬಾರ್ಡ್‌ಗೆ ಅನ್ವಯ’ ಎಂದಿದೆ. ಅದರಾಚೆ ಒಂಟಿಯಾಗಿ ಅಡ್ಡಾಡಬೇಡಿ. ಬಂದೂಕು ಹಿಡಿದ ಗೈಡ್ ಜೊತೆಗಿರಲಿ. ಊರಿಂದೂರಿಗೆ ರಸ್ತೆಯೇ ಇಲ್ಲ, ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಸ್ನೋಮೊಬೈಲ್. ಕರಡಿ ಹತ್ತಿರದಿಂದ ಕಾಣುತ್ತದೆಂಬ ಆಸೆ ಬಿಡಿ. 2025ರಿಂದ ಕನಿಷ್ಠ 300 ಮೀಟರ್ ದೂರವಿರಬೇಕು, ಮಾರ್ಚ್‌ನಿಂದ ಜೂನ್‌ವರೆಗೆ 500. ದುರ್ಬೀನು ತನ್ನಿ.

ಜಗತ್ತಿನ ಬೆಳೆಗಳ ಬೀಜ ಕಾಪಿಟ್ಟಿರುವ ಬೀಜಭಂಡಾರ ನೋಡಲೇಬೇಕೆಂದು ಹೊರಟವರಿಗೆ: ಒಳಗೆ ಬಿಡುವುದಿಲ್ಲ, ಬಾಗಿಲ ಮುಂದೆ ಫೋಟೋ ಅಷ್ಟೇ. ಅದಕ್ಕಿಂತ ದೋಣಿಯ ಪ್ಯಾಕೇಜಿನಲ್ಲಿ ನಿ-ಓಲೆಸುಂಡ್ ಎಂಬ ಸಂಶೋಧಕರ ಊರು ಇದೆಯೇ ಕೇಳಿ. ನಮ್ಮ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ. ಆ ಊರಲ್ಲಿ ವೈಫೈ, ಬ್ಲೂಟೂತ್ ಎರಡೂ ಆಫ್ ಮಾಡಬೇಕು, ವಿಜ್ಞಾನಿಗಳ ಆಂಟೆನಾಗೆ ಅಡ್ಡಿಯಾಗುತ್ತದೆ.

ಊಟ ದುಬಾರಿ. ನಾನು ಒಯ್ದ ಗೊಜ್ಜವಲಕ್ಕಿ ಪುಡಿ ಮೂರು ರಾತ್ರಿ ಕಾಪಾಡಿತು. ರಾತ್ರಿ ಅಂದೆ, ಆದರೆ ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ 23ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಒಂದೂವರೆಗೆ ಎದ್ದು ಕಿಟಕಿಯಾಚೆ ನೋಡಿದರೆ, ಬಿಸಿಲಲ್ಲಿ ಹಿಮಸಾರಂಗವೊಂದು ನಿಧಾನವಾಗಿ ಮೇಯುತ್ತಿತ್ತು. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಮರೆಯಬೇಡಿ.